ರೂಪಾಯಿಗೆ ಆರು ಪೈಸೆಯ ದಾನಿ

ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಯಾವ ಊರಿನ ಸಪ್ತಾಹಕ್ಕೆ ಹೋಗಿ ಕೂತರೂ ವೇದಿಕೆ ಮೇಲಿನ ಮಾತು ಒಂದೇ. ಹಾರ, ಶಾಲು, ದೀಪ ಬೆಳಗಿಸುವುದು, ಆಮೇಲೆ ಭಾಷಣ. ಪುಸ್ತಕ ಕೊಳ್ಳಲು ಹಣವಿಲ್ಲ, ಮಳೆಗಾಲದಲ್ಲಿ ಸೂರು ಸೋರುತ್ತದೆ, ಕುರ್ಚಿ ಸಾಲದು. ಆದ್ದರಿಂದ ಊರಿನ ಕೊಡುಗೈ ದಾನಿಗಳು ಮುಂದೆ ಬರಬೇಕು! ಚಪ್ಪಾಳೆ. ಬಿಸ್ಕತ್ತು, ಕಾಫಿ. ದಾನಿಗಳು ಯಾರೂ ಮುಂದೆ ಬರುವುದಿಲ್ಲ. ಮುಂದಿನ ನವೆಂಬರಿಗೆ ಅದೇ ಶಾಮಿಯಾನ, ಅದೇ ಭಾಷಣ.

ಹಿಂದಿನ ಸಾಲಿನಲ್ಲಿ ಕೂತ ಕಿರಾಣಿ ಅಂಗಡಿಯವರು ಈ ಮಾತು ಕೇಳಿ ತಲೆ ತಗ್ಗಿಸುತ್ತಾರೆ. ತಮ್ಮನ್ನೇ ನೋಡಿ ಹೇಳಿದರೇನೋ ಅನ್ನೋ ಮುಜುಗರ. ತಗ್ಗಿಸಬೇಕಾದ್ದಿಲ್ಲ. ಅಂಗಡಿಗೆ ವಾಪಸು ಬಂದು, ಗೋಡೆಯ ಮೊಳೆಗೆ ಚುಚ್ಚಿಟ್ಟ ಕಂದಾಯದ ರಸೀತಿ ಬಿಡಿಸಿ ನೋಡಲಿ. ಆಸ್ತಿ ತೆರಿಗೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಉಪಕರಗಳ ಸಾಲು ಇರುತ್ತದೆ. ಆರೋಗ್ಯಕ್ಕೆ ಇಷ್ಟು, ಭಿಕ್ಷುಕರ ಪುನರ್ವಸತಿಗೆ ಇಷ್ಟು, ಗ್ರಂಥಾಲಯಕ್ಕೆ ಇಷ್ಟು. ಗ್ರಂಥಾಲಯದ ಪಾಲು ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ. ಎರಡು ಸಾವಿರ ರೂಪಾಯಿ ತೆರಿಗೆ ಬೀಳುವ ಮಳಿಗೆಯಾದರೆ ವರ್ಷಕ್ಕೆ 120 ರೂಪಾಯಿ. ಮಳಿಗೆ ಸ್ವಂತದ್ದಲ್ಲ, ಬಾಡಿಗೆಯದು ಅಂದರೂ ಲೆಕ್ಕ ತಪ್ಪುವುದಿಲ್ಲ. ಮಾಲೀಕ ತೆರಿಗೆಯನ್ನು ತನ್ನ ಜೇಬಿನಿಂದ ಕಟ್ಟುತ್ತಾನೆಯೇ? ಬಾಡಿಗೆಯಲ್ಲಿ ಸೇರಿಸಿಯೇ ಇಸಕೊಳ್ಳುತ್ತಾನೆ.

ದಾನಿ ಆಗಲೇ ಬಂದಾಯಿತು. ವರ್ಷಾ ವರ್ಷಾ ಕೌಂಟರಿನಲ್ಲಿ ಸರದಿ ನಿಂತು ಕೊಟ್ಟೂ ಆಯಿತು. ಹೆಸರು ಮಾತ್ರ ಯಾವ ಶಿಲಾಫಲಕದಲ್ಲೂ ಇಲ್ಲ. ಅದು ಹೋಗಲಿ, ಕೊಟ್ಟ ದುಡ್ಡು ಎಲ್ಲಿಗೆ ಹೋಯಿತು ಅಂತ ಹೇಳುವವರೂ ಇಲ್ಲ.

ಶಿಲಾಫಲಕದಲ್ಲಿ ಹೆಸರಿರುವ ದಾನಿಗಳು ಕಡಿಮೆಯವರೇನೂ ಅಲ್ಲ. ಲೈಬ್ರರಿಗೆ ಕೊಟ್ಟವರು ಅಂದರೆ ಪ್ರಪಂಚದಲ್ಲಿ ಮೊದಲು ಬರುವ ಹೆಸರು ಆಂಡ್ರೂ ಕಾರ್ನೆಗಿಯದು. ಈತ ಹುಟ್ಟಿದ್ದು 1835ರಲ್ಲಿ, ಸ್ಕಾಟ್ಲೆಂಡಿನ ಡನ್‌ಫರ್ಮ್‌ಲೈನ್ ಎಂಬ ಊರಿನಲ್ಲಿ, ಕೈಮಗ್ಗದ ನೇಕಾರನ ಮಗನಾಗಿ. ಯಂತ್ರದ ಮಗ್ಗ ಬಂದು ಅಪ್ಪನ ಕಸುಬು ಮುಳುಗಿತು. 1848ರಲ್ಲಿ ಸಂಸಾರ ಗಂಟುಮೂಟೆ ಕಟ್ಟಿಕೊಂಡು ಅಮೆರಿಕಕ್ಕೆ ಹೊರಟಿತು. ಹುಡುಗ ಅಲ್ಲಿ ಹತ್ತಿ ಗಿರಣಿಗೆ ಸೇರಿದ. ವಾರದ ಕೂಲಿ ಒಂದು ಡಾಲರ್ 20 ಸೆಂಟ್. ಆಮೇಲೆ ತಂತಿ ಕಚೇರಿಯಲ್ಲಿ ತಂತಿ ಹಂಚುವ ಕೆಲಸ.

ಆ ಊರಿನಲ್ಲಿ ಕರ್ನಲ್ ಜೇಮ್ಸ್ ಆಂಡರ್ಸನ್ ಎಂಬ ಪುಣ್ಯಾತ್ಮ ಇದ್ದ. ತನ್ನ ಮನೆಯಲ್ಲಿದ್ದ ಸುಮಾರು 400 ಪುಸ್ತಕಗಳನ್ನು ದುಡಿಯುವ ಹುಡುಗರಿಗೆ ಶನಿವಾರ ಎರವಲು ಕೊಡುತ್ತಿದ್ದ. ಒಂದು ತಗೊಂಡು ಹೋಗು, ಮುಂದಿನ ಶನಿವಾರ ತಂದುಕೊಟ್ಟು ಇನ್ನೊಂದು ತಗೋ. ಮುಂದೆ ಅದು ದೊಡ್ಡದಾಗಿ ಊರಿನ ಲೈಬ್ರರಿ ಆಯಿತು, ಜೊತೆಗೆ ನಿಯಮವೂ ಬಂತು. ಕಸುಬು ಕಲಿಯಲು ಕರಾರು ಬರೆದುಕೊಟ್ಟ ಹುಡುಗರಿಗೆ ಪುಸ್ತಕ ಪುಕ್ಕಟೆ, ಮಿಕ್ಕವರು ವರ್ಷಕ್ಕೆ ಎರಡು ಡಾಲರ್ ಕಟ್ಟಬೇಕು. ತಂತಿ ಹುಡುಗ ಮಿಕ್ಕವರ ಸಾಲಿಗೆ ಬಿದ್ದ. ಎರಡು ಡಾಲರ್ ಅಂದರೆ ಗಿರಣಿಯಲ್ಲಿ ಅವನು ಒಂದು ವಾರ ದುಡಿದದ್ದಕ್ಕಿಂತ ಹೆಚ್ಚು. ಅವನೇನು ಅಳುತ್ತಾ ಮನೆಗೆ ಹೋಗಲಿಲ್ಲ. 1853ರಲ್ಲಿ ಊರಿನ ಪತ್ರಿಕೆಗೆ ಕಾಗದ ಬರೆದ. ಕೂಲಿ ಹುಡುಗನಿಗೆ ಪುಸ್ತಕ ಯಾಕಿಲ್ಲ ಅಂತ ಕೇಳಿದ. ಪತ್ರಿಕೆ ಅಚ್ಚು ಹಾಕಿತು, ಲೈಬ್ರರಿಯವರು ಉತ್ತರ ಕೊಟ್ಟರು, ಹುಡುಗ ಮತ್ತೆ ಬರೆದ. ಕೊನೆಗೆ ನಿಯಮ ಸಡಿಲವಾಯಿತು. ಓದುಗರ ಪತ್ರಗಳಿಂದ ಏನೂ ಆಗಲ್ಲ ಬಿಡ್ರೀ ಅನ್ನುವವರು ಇದನ್ನು ಗಮನಿಸಬೇಕು.

ಇದೇ ಹುಡುಗ ಮುಂದೆ ಉಕ್ಕಿನ ದೊರೆಯಾದ. 1901ರಲ್ಲಿ ಕಾರ್ಖಾನೆ ಮಾರಿ ಭೂಮಿಯ ಮೇಲಿನ ಅತಿ ಶ್ರೀಮಂತರಲ್ಲಿ ಒಬ್ಬನಾದ. ಅವನ ಹಣದಲ್ಲಿ ಎದ್ದ ಲೈಬ್ರರಿಗಳು ಒಟ್ಟು 2,509. ಅದರಲ್ಲಿ 1,689 ಅಮೆರಿಕದಲ್ಲಿ, 660 ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ. ಮೊದಲನೆಯದು 1883ರಲ್ಲಿ ಹುಟ್ಟೂರು ಡನ್‌ಫರ್ಮ್‌ಲೈನಿನಲ್ಲೇ ಬಾಗಿಲು ತೆಗೆಯಿತು.

ದೇವರಂಥ ಮನುಷ್ಯ ಅಂತ ಕೈ ಮುಗಿಯುವ ಮೊದಲು ಇನ್ನೊಂದು ಪುಟ ತಿರುಗಿಸಬೇಕು. 1892ರಲ್ಲಿ ಹೋಮ್‌ಸ್ಟೆಡ್ ಎಂಬಲ್ಲಿ ಇವನ ಉಕ್ಕಿನ ಕಾರ್ಖಾನೆಯ ಕಾರ್ಮಿಕರ ಕೂಲಿ ಕಡಿತದ ಜಗಳ ಬೀಗಮುದ್ರೆಗೆ ಹೋಯಿತು. ಕಂಪನಿಯವರು ಬಾಡಿಗೆ ಕಾವಲುಪಡೆ ಕರೆಸಿದರು. ಗುಂಡು ಹಾರಿತು, ಎರಡೂ ಕಡೆ ಹೆಣ ಬಿದ್ದವು, ಕಾರ್ಮಿಕ ಸಂಘ ನೆಲಕಚ್ಚಿತು. ಆರು ವರ್ಷ ಕಳೆದು 1898ರಲ್ಲಿ ಅದೇ ಜಾಗದಲ್ಲಿ ಕಾರ್ನೆಗಿ ಭರ್ಜರಿ ಲೈಬ್ರರಿ ಕಟ್ಟಿಸಿಕೊಟ್ಟ. ದಿನಕ್ಕೆ ಹನ್ನೆರಡು ಗಂಟೆ ಕುಲುಮೆಯ ಮುಂದೆ ಬೆಂದು ಬಂದವನು ಯಾವಾಗ ಓದಬೇಕು ಅಂತ ಆಗಲೇ ಜನ ಕೇಳಿದ್ದರು. ಈ ದುಡ್ಡು ಬೇಡ ಅಂದ ಊರುಗಳೂ ಇದ್ದವು.

ಇಷ್ಟಿದ್ದರೂ ಕಾರ್ನೆಗಿಯಿಂದ ಕಲಿಯಬೇಕಾದ ಒಂದು ವ್ಯಾಪಾರದ ಬುದ್ಧಿ ಇದೆ, ಅದನ್ನು ಅಂಗಡಿಯವರು ಬೇರೆಯವರಿಗಿಂತ ಬೇಗ ಹಿಡಿಯುತ್ತಾರೆ. ಅವನು ಸುಮ್ಮನೆ ಕೊಡುತ್ತಿರಲಿಲ್ಲ. ಕರಾರು ಇತ್ತು. ಜಾಗ ಊರಿನವರದು. ಕಟ್ಟಡಕ್ಕೆ ಎಷ್ಟು ಕೊಟ್ಟನೋ ಅದರ ಹತ್ತನೇ ಒಂದು ಪಾಲನ್ನು ಊರಿನ ಪುರಸಭೆ ತೆರಿಗೆಯ ಹಣದಿಂದ ಪ್ರತಿವರ್ಷ ಲೈಬ್ರರಿಗೆ ಎತ್ತಿಡಬೇಕು. ಹತ್ತು ಸಾವಿರ ಡಾಲರಿನ ಕಟ್ಟಡ ಬೇಕೆ? ವರ್ಷಕ್ಕೆ ಸಾವಿರ ಡಾಲರ್ ಖರ್ಚು ಮಾಡುತ್ತೇವೆ ಅಂತ ಪುರಪಿತೃಗಳು ಮೊದಲು ಬರೆದುಕೊಡಲಿ. ಪುಸ್ತಕ, ಸಂಬಳ, ದೀಪದ ಎಣ್ಣೆ, ಚಳಿಗಾಲದ ಕಲ್ಲಿದ್ದಲು ಎಲ್ಲವೂ ಊರಿನ ತಲೆಗೆ. ಬರೆದುಕೊಡದ ಊರಿಗೆ ಹಣವಿಲ್ಲ.

ಕಟ್ಟಡ ಒಂದು ಸಲದ ಖರ್ಚು, ಲೈಬ್ರರಿ ದಿನದಿನದ ಖರ್ಚು ಅಂತ ಅವನಿಗೆ ಗೊತ್ತಿತ್ತು. ಅಂಗಡಿ ತೆರೆಯುವ ದಿನ ತೋರಣ ಕಟ್ಟಿಸಲು ಮಾವನ ಮನೆಯವರು ದುಡ್ಡು ಕೊಟ್ಟಾರು. ಎರಡನೇ ತಿಂಗಳ ಬಾಡಿಗೆ, ಕರೆಂಟ್ ಬಿಲ್ಲು, ಹುಡುಗನ ಸಂಬಳ? ಅದಕ್ಕೆ ಗಲ್ಲಾಪೆಟ್ಟಿಗೆಯೇ ಗತಿ.

ಭಾರತದಲ್ಲೂ ದೊಡ್ಡ ದಾನಿಗಳಿಗೆ ಬರವಿರಲಿಲ್ಲ. ಮುಂಬಯಿಯ ಕಾಲಾಘೋಡಾದಲ್ಲಿ ಡೇವಿಡ್ ಸಸೂನ್ ಲೈಬ್ರರಿ ಇದೆ. ಅದರ ಬೀಜ ಹಾಕಿದವರು ಸಾಹುಕಾರರಲ್ಲ. 1847ರಲ್ಲಿ ಟಂಕಸಾಲೆ ಮತ್ತು ಹಡಗುಕಟ್ಟೆಯಲ್ಲಿ ಕೆಲಸಕ್ಕಿದ್ದ ಮೆಕ್ಯಾನಿಕ್ ಹುಡುಗರು. ಸಂಜೆ ಹೊತ್ತು ಕೂತು ಓದಲು, ಉಪನ್ಯಾಸ ಕೇಳಲು ಒಂದು ಸಂಘ ಮಾಡಿಕೊಂಡರು. ಬಾಗ್ದಾದಿನಿಂದ ಬಂದು ಮುಂಬಯಿಯಲ್ಲಿ ವ್ಯಾಪಾರಕ್ಕೆ ನಿಂತ ಯಹೂದಿ ಸಾಹುಕಾರ ಸಸೂನ್ ಕಟ್ಟಡಕ್ಕೆ 60,000 ರೂಪಾಯಿ ಕೊಟ್ಟ. 1870ರಲ್ಲಿ ಕಟ್ಟಡ ಮುಗಿಯುವ ಹೊತ್ತಿಗೆ ಖರ್ಚು ಅದರ ಎರಡು ಪಟ್ಟಾಗಿತ್ತು. ಸಸೂನ್ ಮನೆತನದ ಸಂಪತ್ತಿನಲ್ಲಿ ಚೀನಾಕ್ಕೆ ಕಳಿಸಿದ ಅಫೀಮಿನ ಪಾಲೂ ಇತ್ತು, ಅದು ಮುಚ್ಚಿಟ್ಟ ವಿಷಯವಲ್ಲ. ಕಟ್ಟಡದ ಮೇಲೆ ಸಾಹುಕಾರನ ಹೆಸರು ಉಳಿಯಿತು, ಮೆಕ್ಯಾನಿಕ್ ಹುಡುಗರ ಹೆಸರನ್ನು ಕೇಳೋರಿಲ್ಲ.

ಪಟ್ನಾದ ಖುದಾ ಬಕ್ಷ್ ಅವರ ಕಥೆ ಬೇರೆ. ಇವರದು ವಕೀಲಿ ವೃತ್ತಿ. ತಂದೆ ಮಹಮ್ಮದ್ ಬಕ್ಷ್ 1876ರಲ್ಲಿ ಸಾಯುವಾಗ ತಾವು ಕೂಡಿಸಿದ್ದ 1,400 ಹಸ್ತಪ್ರತಿಗಳನ್ನು ಮಗನ ಕೈಗೆ ಒಪ್ಪಿಸಿ, ಇದು ಎಲ್ಲರಿಗೂ ತೆರೆದ ಗ್ರಂಥಾಲಯವಾಗಬೇಕು ಅಂದರು. ಅಪ್ಪನಿಗೆ ಕೊಟ್ಟ ಮಾತನ್ನು ಮಗ ಹದಿನೈದು ವರ್ಷ ಹೊತ್ತು ತಿರುಗಿದರು. ವಕೀಲಿಯಲ್ಲಿ ದುಡಿದದ್ದೆಲ್ಲ ಪುಸ್ತಕಕ್ಕೆ, ಕಟ್ಟಡಕ್ಕೆ ಹೋಯಿತು. 1891ರ ಅಕ್ಟೋಬರಿನಲ್ಲಿ ಸುಮಾರು 4,000 ಹಸ್ತಪ್ರತಿಗಳೊಡನೆ ಗ್ರಂಥಾಲಯ ಜನರಿಗೆ ತೆರೆಯಿತು. 1908ರಲ್ಲಿ ತೀರಿಕೊಂಡ ಮೇಲೆ ಅವರನ್ನು ಮಣ್ಣು ಮಾಡಿದ್ದೂ ಆ ಅಂಗಳದಲ್ಲೇ. ಇಷ್ಟು ಕೊಟ್ಟವರ ಲೈಬ್ರರಿಯೂ ಬರೀ ದಾನದ ಬಲದಿಂದ ಇವತ್ತಿನವರೆಗೆ ಉಳಿಯಲಿಲ್ಲ. 1969ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿ ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂದು ಸಾರಿ ಕೇಂದ್ರ ಸರ್ಕಾರದ ಅನುದಾನಕ್ಕೆ ಸೇರಿಸಿತು. 2021ರಲ್ಲಿ ಮೇಲ್ಸೇತುವೆಗಾಗಿ ಆ ಆವರಣದ ಹಳೆಯ ವಾಚನಾಲಯವನ್ನು ಕೆಡವುವ ಮಾತು ಬಂದಾಗ ಓದುಗರು, ಇತಿಹಾಸಕಾರರು ಕೂಗೆಬ್ಬಿಸಿದರು. ದಾನಿ ಸತ್ತು ನೂರು ವರ್ಷ ಕಳೆದ ಮೇಲೆ ಅವರ ಪರ ಮಾತಾಡಲು ಓದುಗರೇ ಬೇಕಾಯಿತು.

ಬೆಂಗಳೂರಿಗೆ ಹೋಗಿ ಬರುವವರು ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ ನೋಡಿರುತ್ತಾರೆ. ಒಳಗೆ ಹೋದವರು ಎಷ್ಟು ಜನವೋ! ರಾಜ್ಯ ಕೇಂದ್ರ ಗ್ರಂಥಾಲಯ ಅದೇ. ಕಟ್ಟಡಕ್ಕೆ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ ಅಂತ ಹೆಸರು. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ಅವರ ನೆನಪಿಗೆ ಎದ್ದದ್ದು ಇದು. ವಿಶ್ವೇಶ್ವರಯ್ಯನವರು ದಿವಾನಗಿರಿಯಲ್ಲಿದ್ದಾಗ, 1915ರ ಸುಮಾರಿಗೆ, ಬೆಂಗಳೂರಿಗೂ ಮೈಸೂರಿಗೂ ಸಾರ್ವಜನಿಕ ಗ್ರಂಥಾಲಯ ಬಂತು. ರಾಜಧಾನಿಗೆ ಬಂತು ಸರಿ, ಹಳ್ಳಿಗೆ?

ಹಳ್ಳಿಗೆ ಮೊದಲು ಲೆಕ್ಕ ಹಾಕಿದವರು ಬರೋಡೆಯ ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡರು. 1906ರಲ್ಲಿ ಇಡೀ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದ ದೊರೆ. ಓದಲು ಕಲಿಸಿ ಓದಲು ಪುಸ್ತಕ ಕೊಡದಿದ್ದರೆ ಕಲಿತದ್ದು ಮರೆತುಹೋಗುತ್ತದೆ ಎಂಬುದು ಅವರ ತರ್ಕ. 1910ರಲ್ಲಿ ವಿಲಿಯಂ ಬೋರ್ಡೆನ್ ಎಂಬ ಅಮೆರಿಕದ ಗ್ರಂಥಪಾಲಕರನ್ನು ಕರೆಸಿದರು. ಮೂರು ವರ್ಷ ಇಲ್ಲಿದ್ದು ಅವರು ವ್ಯವಸ್ಥೆ ಕಟ್ಟಿಕೊಟ್ಟರು. ಮರದ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಊರೂರಿಗೆ ಕಳಿಸುವ ಸಂಚಾರಿ ಗ್ರಂಥಾಲಯ ಆಗಲೇ ಅಲ್ಲಿ ಓಡಾಡುತ್ತಿತ್ತು.

ಇದಕ್ಕೆ ದುಡ್ಡು ಕೂಡಿಸಿದ ರೀತಿ ಇನ್ನೂ ಚೆನ್ನ. ಊರಿನವರು ಚಂದಾ ಎತ್ತಿ ಒಂದು ಪಾಲು ತಂದರೆ ಪ್ರಾಂತದ ಮಂಡಳಿ ಅಷ್ಟೇ ಮೊತ್ತದ ಒಂದು ಪಾಲು ಹಾಕಬೇಕು, ಸಂಸ್ಥಾನದ ಬೊಕ್ಕಸ ಇನ್ನೊಂದು ಪಾಲು. ಮಹಾರಾಜರಿಗೆ ಪೂರ್ತಿ ಕೊಡಲು ಗತಿಯಿರಲಿಲ್ಲವೆ? ಇತ್ತು. ಊರಿನವರ ನಾಲ್ಕು ಕಾಸು ಅದರಲ್ಲಿ ಇದ್ದರೆ ತಾನೆ ನಾಳೆ ಬಾಗಿಲು ಯಾಕೆ ಮುಚ್ಚಿದೆ ಅಂತ ಊರಿನವನು ಕೇಳುವುದು?

ಈಗ ರಂಗನಾಥನ್ ಅವರ ಮಾತು. ಇವರ ಹೆಸರು ಕೇಳದ ಗ್ರಂಥಪಾಲಕರಿಲ್ಲ, ಅಂಗಡಿ ಬೀದಿಯಲ್ಲಿ ಕೇಳಿದವರೂ ಇಲ್ಲ. ಶಿಯಾಳಿ ರಾಮಾಮೃತ ರಂಗನಾಥನ್, ಹುಟ್ಟಿದ್ದು 1892ರಲ್ಲಿ, ತಂಜಾವೂರು ಸೀಮೆಯಲ್ಲಿ. ಗಣಿತದ ಮೇಷ್ಟ್ರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೇಜಾರು ಹತ್ತಿ ಕಾಲೇಜಿಗೇ ವಾಪಸು ಹೋಗುತ್ತೇನೆ ಅಂದವರು. ಲಂಡನ್ನಿಗೆ ಕಳಿಸಿದರು, ಅಲ್ಲಿನ ಲೈಬ್ರರಿಗಳನ್ನು ನೋಡಿದರು, ಬಂದ ಮೇಲೆ ಬಿಡಲಿಲ್ಲ. ಒಂದು ಕಾಲದಲ್ಲಿ ಯುರೋಪಿನಲ್ಲಿ ಪುಸ್ತಕಕ್ಕೆ ಸರಪಳಿ ಹಾಕಿ ಕಪಾಟಿಗೆ ಬಿಗಿಯುತ್ತಿದ್ದರು. ಪುಸ್ತಕ ಬೀಗ ಹಾಕಿ ಕಾಯುವುದಕ್ಕಲ್ಲ, ಜನ ಬಳಸುವುದಕ್ಕೆ ಅಂತ ರಂಗನಾಥನ್ ಜೀವಮಾನವಿಡೀ ಸಾರಿದರು. ಈಗಲೂ ಗಾಜಿನ ಬೀರುವಿಗೆ ಬೀಗ ಜಡಿದು ಬೀಗದಕೈ ಸಾಹೇಬರ ಹತ್ತಿರ ಇದೆ ಅನ್ನುವ ಲೈಬ್ರರಿಗಳಿಗೆ ಈ ಮಾತು ಹೊಸದೇ.

ಅವರೂ ದಾನಿಯೇ. ಆದರೆ ಗಿರಣಿ, ಕಾರ್ಖಾನೆ ಇದ್ದವರಲ್ಲ. ಸಂಬಳದಲ್ಲಿ ಉಳಿಸಿದ್ದು, ಪುಸ್ತಕ ಬರೆದು ಬಂದದ್ದು ಸೇರಿಸಿ ಒಂದು ಲಕ್ಷ ರೂಪಾಯಿಯನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಕೊಟ್ಟರು, ಗ್ರಂಥಾಲಯ ಶಾಸ್ತ್ರ ಕಲಿಸುವ ಪ್ರಾಧ್ಯಾಪಕ ಪೀಠಕ್ಕಾಗಿ. 1950ರ ದಶಕದ ಒಂದು ಲಕ್ಷ ಅದು. ಪೀಠಕ್ಕೆ ಹೆಂಡತಿ ಶಾರದಾ ಅವರ ಹೆಸರು ಜೋಡಿಸಿದರು. 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿ 1972ರಲ್ಲಿ ಅಲ್ಲೇ ತೀರಿಕೊಂಡರು.

ಆ ಲಕ್ಷಕ್ಕಿಂತ ದೊಡ್ಡದು ಅವರು ಕೊಟ್ಟ ಇನ್ನೊಂದು. ಲೈಬ್ರರಿ ಎಂಬುದು ಯಾರೋ ಪುಣ್ಯಾತ್ಮನ ಮರ್ಜಿಯ ಮೇಲೆ ನಿಲ್ಲಬಾರದು, ಕಾನೂನಿನ ಮೇಲೆ, ತೆರಿಗೆಯ ಮೇಲೆ ನಿಲ್ಲಬೇಕು ಎಂಬ ಹಟ. ರಾಜ್ಯ ರಾಜ್ಯಕ್ಕೂ ಮಸೂದೆಯ ಕರಡು ಬರೆದುಕೊಟ್ಟರು. 1948ರಲ್ಲಿ ಮದರಾಸು ಒಪ್ಪಿತು. ಮೈಸೂರು ರಾಜ್ಯ 1965ರಲ್ಲಿ ಕಾಯಿದೆ ಮಾಡಿ 1966ರ ನವೆಂಬರ್ 1ರಿಂದ ಜಾರಿಗೆ ತಂದಿತು. ನಗರಕ್ಕೆ, ಜಿಲ್ಲೆಗೆ ಗ್ರಂಥಾಲಯ ಪ್ರಾಧಿಕಾರ, ಅದಕ್ಕೊಂದು ನಿಧಿ, ನಿಧಿಗೆ ಗ್ರಂಥಾಲಯ ಕರ. ಮೊಳೆಗೆ ಚುಚ್ಚಿದ ರಸೀತಿಯಲ್ಲಿ ಕಾಣುವ ಆರು ಪೈಸೆಯ ಮೂಲ ಇದು. ಕಾರ್ನೆಗಿ ಊರೂರಿನ ಪುರಸಭೆಗಳ ಹತ್ತಿರ ಒಂದೊಂದಾಗಿ ಬರೆಸಿಕೊಂಡ ಕರಾರನ್ನು ಇಲ್ಲಿ ಶಾಸನ ಸಭೆಯೇ ಎಲ್ಲ ಊರಿನ ಪರವಾಗಿ ಒಂದೇ ಸಲ ಬರೆದುಕೊಟ್ಟಿತು.

ಬರೆದುಕೊಟ್ಟಿತು, ಹೌದು. ನಡೆಯಿತೇ?

ವಸೂಲಿ ಮಾಡುವವರು ಒಬ್ಬರು, ಖರ್ಚು ಮಾಡುವವರು ಇನ್ನೊಬ್ಬರು. ಗೊಂದಲವೆಲ್ಲ ಈ ಸಂದಿನಲ್ಲಿ. ಕರವನ್ನು ತೆರಿಗೆಯ ಜೊತೆ ಎತ್ತುವುದು ಸ್ಥಳೀಯ ಸಂಸ್ಥೆ. ಎತ್ತಿದ ಮೇಲೆ ಅದನ್ನು ಗ್ರಂಥಾಲಯದ ಲೆಕ್ಕಕ್ಕೆ ದಾಟಿಸಬೇಕು. ದಾಟುವುದು ನಿಧಾನ, ಕೆಲವು ಕಡೆ ದಾಟುವುದೇ ಇಲ್ಲ. ಬೆಂಗಳೂರಿನ ಉದಾಹರಣೆ ಸಾಕು. 2025ರಲ್ಲಿ ಐದು ಪಾಲಿಕೆಗಳಾಗಿ ಒಡೆದ ಹಳೆಯ ಮಹಾನಗರ ಪಾಲಿಕೆ ಜನರಿಂದ ಗ್ರಂಥಾಲಯದ ಹೆಸರಲ್ಲಿ ಎತ್ತಿ ಗ್ರಂಥಾಲಯ ಇಲಾಖೆಗೆ ಕೊಡದೆ ಉಳಿಸಿಕೊಂಡ ಬಾಕಿ ನೂರಾರು ಕೋಟಿಗೆ ಬೆಳೆದಿತ್ತು. ಪತ್ರಿಕೆಗಳಲ್ಲಿ ವರ್ಷ ವರ್ಷವೂ ಬಂದ ಸುದ್ದಿ ಇದು. ಲಕ್ಷವಲ್ಲ ಸ್ವಾಮಿ, ಕೋಟಿ. ಸಣ್ಣ ಊರುಗಳ ಬಾಕಿ ಸಣ್ಣದು, ಆದ್ದರಿಂದ ಸುದ್ದಿಯೂ ಆಗುವುದಿಲ್ಲ.

ದೇವಸ್ಥಾನದ ಹುಂಡಿ ಹಣ ತಂದು ಮನೆ ಖರ್ಚಿಗೆ ಬಳಸಿದರೆ ಊರು ಸುಮ್ಮನಿರುತ್ತದೆಯೇ? ಹಾಲಿನ ಡೈರಿ ಕಾರ್ಯದರ್ಶಿ ಹದಿನೈದು ದಿನದ ಬಟವಾಡೆ ತಡ ಮಾಡಿದರೆ ಹಳ್ಳಿಯಲ್ಲಿ ಪಂಚಾಯಿತಿ ಸೇರುತ್ತದೆ. ಗ್ರಂಥಾಲಯ ಕರದ ವಿಷಯದಲ್ಲಿ ಮಾತ್ರ ಯಾರಿಗೂ ಸಿಟ್ಟು ಬರುವುದಿಲ್ಲ, ಯಾಕೆಂದರೆ ಕೊಟ್ಟದ್ದೇ ಗೊತ್ತಿಲ್ಲ. ಕದಿಯಲು ಇದಕ್ಕಿಂತ ಸಲೀಸಾದ ದುಡ್ಡು ಬೇರೆ ಉಂಟೆ? ಕದ್ದಿದ್ದಾರೆ ಅಂತ ಇಲ್ಲಿ ಹೇಳುತ್ತಿಲ್ಲ. ಬೀದಿ ದೀಪಕ್ಕೋ, ಪೌರಕಾರ್ಮಿಕರ ಸಂಬಳಕ್ಕೋ ಬಳಸಿರಬಹುದು, ಅದೂ ಊರಿನ ಕೆಲಸವೇ. ಆದರೆ ಪುಸ್ತಕಕ್ಕೆ ಅಂತ ಇಸಕೊಂಡದ್ದು ಪುಸ್ತಕಕ್ಕೆ ಹೋಗಬೇಕು. ಅಕ್ಕಿಗೆ ಕೊಟ್ಟ ದುಡ್ಡಿಗೆ ಉಪ್ಪು ಕಟ್ಟಿಕೊಟ್ಟರೆ ಗಿರಾಕಿ ತಗೊಂಡು ಹೋಗುತ್ತಾನೆಯೇ?

ಸರ್ಕಾರದ ದುಡ್ಡು ದಾಟದ ನಾಡಿನಲ್ಲಿ ದಾನಿಗಳು ಹೇಗಿದ್ದಾರೆ ಅಂತ ನೋಡಬೇಕೆಂದರೆ ಮಂಡ್ಯ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಪಾಂಡವಪುರದ ಬಸ್ಸು ಹತ್ತಿ ಹರಳಹಳ್ಳಿಗೆ ಹೋದರೆ ಸಾಕು. ಅಂಕೇಗೌಡರ ಪುಸ್ತಕ ಮನೆ ಅಲ್ಲಿದೆ. ರೈತರ ಮಗ. ಸಣ್ಣ ವಯಸ್ಸಿನಲ್ಲಿ ಬಸ್ ಕಂಡಕ್ಟರ್ ಆಗಿದ್ದವರು. ರೈಟ್ ಹೇಳುತ್ತಲೇ ಓದಿನ ಆಸೆ ಬಿಡದೆ, ಆ ಕೆಲಸ ಬಿಟ್ಟು ಕನ್ನಡ ಎಂ.ಎ. ಮಾಡಿ, ಆಮೇಲೆ ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ಸುಮಾರು ಮೂರು ದಶಕ ದುಡಿದರು. ಸಂಬಳದ ಬಹುಪಾಲು ಪುಸ್ತಕಕ್ಕೆ ಹೋಯಿತು. ಸಾಲದೆ ಬಂದಾಗ ಮೈಸೂರಿನಲ್ಲಿದ್ದ ಆಸ್ತಿಯನ್ನೂ ಮಾರಿದರು. ಸೈಟು ಮಾಡಿಕೊಳ್ಳಲು ಪುಸ್ತಕ ಮಾರಿದವರುಂಟು, ಪುಸ್ತಕಕ್ಕೆ ಸೈಟು ಮಾರಿದವರು ಇವರೊಬ್ಬರೇ ಇರಬೇಕು. ಲಕ್ಷಗಟ್ಟಲೆ ಪುಸ್ತಕ ಸೇರಿದವು. ಉದ್ಯಮಿ ಶ್ರೀಹರಿ ಖೋಡೆ ಅವರು ಕಟ್ಟಡ ಕಟ್ಟಿಸಿಕೊಟ್ಟರು. ಯಾರು ಬಂದರೂ ಬಾಗಿಲು ತೆರೆದಿದೆ, ಶುಲ್ಕವಿಲ್ಲ. 2026ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು ಬಂದಾಗ ಇಡೀ ತಾಲ್ಲೂಕು ಹಿಗ್ಗಿತು.

ಹಿಗ್ಗಬೇಕಾದ್ದೇ. ಆದರೆ ಆ ಕಟ್ಟಡದ ಒಳಗೆ ಹೋದವರು ಇನ್ನೊಂದನ್ನೂ ಕಂಡು ಬಂದಿದ್ದಾರೆ. ಕಪಾಟು ಸಾಲದೆ ಚೀಲದಲ್ಲೇ ಕೂತ ಪುಸ್ತಕಗಳು, ನೆಲದ ಮೇಲೆ ಪೇರಿಸಿದ ರಾಶಿಗಳು. ಧೂಳು ಹೊಡೆಯುವವರೂ ಅವರೇ, ಗುಡಿಸುವವರು ಮನೆಯವರೇ. ಇಷ್ಟು ಪುಸ್ತಕವನ್ನು ವಿಂಗಡಿಸಿ ಪಟ್ಟಿ ಮಾಡಲು ಎಷ್ಟು ಜನ ತರಬೇತಾದ ಗ್ರಂಥಪಾಲಕರು ಬೇಕು! ಒಬ್ಬ ಮನುಷ್ಯ ಜೀವಮಾನ ಸವೆಸಿ ಕೂಡಿಸಬಲ್ಲ. ಅವನ ನಂತರವೂ ಪ್ರತಿದಿನ ಬೆಳಿಗ್ಗೆ ಬೀಗ ತೆಗೆಯಲು ಸಂಬಳದ ಆಳು ಬೇಕು. ಪದ್ಮಶ್ರೀಯಿಂದ ಕರೆಂಟ್ ಬಿಲ್ಲು ಕಟ್ಟಲಾಗದು.

ಪಕ್ಕದ ಮೈಸೂರಿನ ರಾಜೀವನಗರದಲ್ಲಿ ಕೂಲಿ ಮಾಡಿ ಬದುಕುವ ಒಬ್ಬರು ತಮ್ಮ ಸಂಪಾದನೆಯಲ್ಲಿ ಸಣ್ಣ ಲೈಬ್ರರಿ ನಡೆಸುತ್ತಿದ್ದರು. ಓದಲು ಆಗದ ತನ್ನ ಗತಿ ಬೀದಿಯ ಮಕ್ಕಳಿಗೆ ಬರಬಾರದು ಅಂತ. 2021ರ ಏಪ್ರಿಲಿನಲ್ಲಿ ಅದಕ್ಕೆ ಬೆಂಕಿ ಬಿತ್ತು, ಸುಮಾರು 11,000 ಪುಸ್ತಕ ಬೂದಿಯಾಯಿತು. ದೇಶವೆಲ್ಲ ಮರುಗಿತು, ಎಲ್ಲಿಂದೆಲ್ಲಿಂದಲೋ ಪುಸ್ತಕ, ಹಣದ ನೆರವು ಹೊರಟಿತು. ಮರುಗಿದವರು ಒಳ್ಳೆಯವರು, ಸಂಶಯವಿಲ್ಲ. ಆದರೆ ಒಂದು ಬಡಾವಣೆಯ ಮಕ್ಕಳಿಗೆ ಪೇಪರು, ಪುಸ್ತಕ ಒದಗಿಸುವ ಕೆಲಸ ಕೂಲಿಯವರ ಹೆಗಲಿಗೆ ಯಾಕೆ ಬಿತ್ತು ಅಂತ ಕೇಳಿದವರು ಕಡಿಮೆ. ಅದೇ ಬಡಾವಣೆಯ ಮನೆ ಮನೆಯಿಂದಲೂ ರೂಪಾಯಿಗೆ ಆರು ಪೈಸೆ ಹೋಗುತ್ತಲೇ ಇತ್ತಲ್ಲ?

ಈಗ ಮೊಬೈಲಿನಲ್ಲಿ ಎಲ್ಲ ಸಿಗುತ್ತದೆ, ಲೈಬ್ರರಿ ಯಾರಿಗೆ ಬೇಕು ಅನ್ನುವವರು ಒಂದು ಬೆಳಿಗ್ಗೆ ಯಾವುದಾದರೂ ನಗರದ ಗ್ರಂಥಾಲಯದ ಬಾಗಿಲಿಗೆ ಹೋಗಿ ನಿಲ್ಲಲಿ. ತೆರೆಯುವ ಮೊದಲೇ ಹುಡುಗ ಹುಡುಗಿಯರು ಚೀಲ ಇಟ್ಟು ಜಾಗ ಹಿಡಿದಿರುತ್ತಾರೆ. ಪೊಲೀಸ್ ಪರೀಕ್ಷೆ, ಎಫ್‌ಡಿಎ, ಪಿಡಿಒ, ಟಿಇಟಿ. ಎರಡು ಕೋಣೆಯ ಮನೆಯಲ್ಲಿ ಟಿವಿ ಸದ್ದಿನ ನಡುವೆ ಓದಲಾಗದೆ, ಒಂದು ಮೇಜು ಒಂದು ದೀಪಕ್ಕಾಗಿ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದವರು. ತಮ್ಮ ಬುತ್ತಿ ತಾವೇ ತಂದಿರುತ್ತಾರೆ. ಇವರಿಗೆ ಬೇಕಾದ್ದು ಹೆಚ್ಚೇನಿಲ್ಲ. ಈ ವರ್ಷದ ಪುಸ್ತಕ, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ, ಮಧ್ಯಾಹ್ನ ಬಾಗಿಲು ಮುಚ್ಚದ ವ್ಯವಸ್ಥೆ. ಬಸ್ ನಿಲ್ದಾಣದ ಮಳಿಗೆ ಸಾಲಿನಲ್ಲಿ ಒಂದನ್ನು ವಾಚನಾಲಯಕ್ಕೆ ಬಿಟ್ಟರೆ ಬಸ್ಸಿಗೆ ಕಾಯುವ ಮುಕ್ಕಾಲು ಗಂಟೆಯೂ ದಂಡವಾಗದು.

ಹಳ್ಳಿಯ ಕಡೆ ಸ್ವಲ್ಪ ಗಾಳಿ ಬದಲಾಗಿದೆ, ಅದನ್ನೂ ಹೇಳಬೇಕು. ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಿಂದ ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಅರಿವು ಕೇಂದ್ರ ಅಂತ ಬೋರ್ಡು ಬಂತು, ಕೆಲವು ಕಡೆ ಸುಣ್ಣಬಣ್ಣ, ಕಂಪ್ಯೂಟರು, ಮಕ್ಕಳಿಗೆ ಉಚಿತ ಸದಸ್ಯತ್ವವೂ ಬಂತು. ಮುತುವರ್ಜಿಯ ಮೇಲ್ವಿಚಾರಕರು ಇರುವಲ್ಲಿ ಸಂಜೆ ಜಾಗ ಸಾಲದು. ಇಲ್ಲದ ಕಡೆ ಹಳೇ ಪೇಪರಿನ ಮೇಲೆ ಬೆಕ್ಕು ಮಲಗಿರುತ್ತದೆ.

ನಗರ, ಪಟ್ಟಣಗಳಲ್ಲಿ ಮಾಡಬೇಕಾದ್ದಕ್ಕೆ ಹೊಸ ದಾನಿ ಬೇಕಿಲ್ಲ. ಹೋದ ವರ್ಷ ಗ್ರಂಥಾಲಯ ಕರ ಅಂತ ಎಷ್ಟು ಎತ್ತಿದಿರಿ, ಅದರಲ್ಲಿ ಎಷ್ಟನ್ನು ಗ್ರಂಥಾಲಯಕ್ಕೆ ದಾಟಿಸಿದಿರಿ, ಹಿಂದಿನ ಬಾಕಿ ಎಷ್ಟು. ಮೂರು ಅಂಕಿ, ಅಷ್ಟೆ. ಇದನ್ನು ನಗರಸಭೆ, ಪುರಸಭೆಯ ಬಾಗಿಲಲ್ಲಿ ಬೋರ್ಡು ಬರೆದು ಹಾಕಲು ಒಂದು ಡಬ್ಬ ಬಣ್ಣ ಸಾಕು. ಬಜೆಟ್ ಸಭೆಯಲ್ಲಿ ಚರಂಡಿಗೂ ಕಾಂಕ್ರೀಟಿಗೂ ಗಂಟೆಗಟ್ಟಲೆ ಜಗಳವಾಡುವ ಸದಸ್ಯರಲ್ಲಿ ಒಬ್ಬರಾದರೂ ಈ ಮೂರು ಅಂಕಿ ಕೇಳಿದರೆ ಅಧಿಕಾರಿಗಳು ಕಡತ ತೆಗೆಯಲೇಬೇಕು. ಸದಸ್ಯರು ಕೇಳದಿದ್ದರೆ ವರ್ತಕರ ಸಂಘ ಕೇಳಬಹುದು. ಸಂಘವೂ ಕೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಒಂದು ಲೋಟ ಕಾಫಿಗಿಂತ ಅಗ್ಗ.

ಏಪ್ರಿಲ್ ತಿಂಗಳಲ್ಲಿ ಆಸ್ತಿ ತೆರಿಗೆ ಕಟ್ಟಿದವರಿಗೆ ನೂರಕ್ಕೆ ಐದು ರಿಯಾಯಿತಿ ಇರುವುದರಿಂದ ಕೌಂಟರುಗಳ ಮುಂದೆ ಸರದಿ ಉದ್ದ ಇರುತ್ತದೆ. ಒಳಗಿನ ಗುಮಾಸ್ತರು ರಸೀತಿ ಹರಿದು ಕೊಡುವಾಗ, ಗ್ರಂಥಾಲಯದ ಸಾಲಿನ ಮೇಲೆ ಬೆರಳಿಟ್ಟು, ಇದು ಎಲ್ಲಿಗೆ ಹೋಗುತ್ತೆ ಸಾರ್ ಅಂತ ಕೇಳುವ ಹಕ್ಕು ಸರದಿಯಲ್ಲಿ ನಿಂತ ಒಬ್ಬೊಬ್ಬರಿಗೂ ಇದೆ. ಗುಮಾಸ್ತರಿಗೆ ಗೊತ್ತಿಲ್ಲದಿದ್ದರೆ ಮೇಲಿನವರನ್ನು ಕೇಳಿ ಬಂದು ಹೇಳಲಿ. ಅಷ್ಟು ಹೊತ್ತು ಸರದಿ ಕಾಯುತ್ತದೆ.